ನೂರೈವತ್ತು ಮಾರು ದೂರದ ಗೂಡು

ಅಪ್ಪಯ್ಯನಿಗೆ ಎಪ್ಪತ್ತೆರಡು ವರ್ಷ. ಶಿರಸಿ ಸೀಮೆಯ ಅಡಿಕೆ ತೋಟದಲ್ಲೇ ಬದುಕು ಕಳೆದವರು. ಮಂಗಟ್ಟೆ, ಕಾಜಾಣ ಯಾವುದೇ ಇರಲಿ, ದನಿ ಕೇಳಿದರೆ ಸಾಕು, ತಲೆ ಎತ್ತದೇ ಹೆಸರು ಹೇಳುತ್ತಾರೆ. ಮಳೆಗಾಲದಲ್ಲಿ ಸೋಂದೆಯ ಮುಂಡಿಗೆಕೆರೆಗೆ ಹೋಗಿ, ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿ ಗೂಡು ಕಟ್ಟುವುದನ್ನು ಕೊಡೆ ಹಿಡಿದು ನೋಡುತ್ತಾ ನಿಲ್ಲುವುದು ಅವರ ರೂಢಿ. ಆದರೆ ಕಡಲ ಹದ್ದಿನ ಗೂಡನ್ನು ಒಮ್ಮೆಯೂ ನೋಡಿರಲಿಲ್ಲ. "ನೇತ್ರಾಣಿಗೆ ಒಂದ್ಸಲ ಹೋಗ್ಬೇಕಿತ್ತು" ಎಂದು ಹತ್ತು ವರ್ಷಗಳಿಂದ ಹೇಳುತ್ತಿದ್ದರು. ಕಳೆದ ಚಳಿಗಾಲ ಅವರ ಮೊಣಕಾಲು ನೋವು ಜಾಸ್ತಿಯಾದಾಗ, ಇನ್ನು ಮುಂದೂಡುವುದು ಬೇಡ ಅನ್ನಿಸಿತು.

ಮೊದಲು ನನ್ನ ತಮ್ಮ ಕಾರವಾರದ ಮಾತೆತ್ತಿದ. ಅಲ್ಲಿಂದ ಕೂರ್ಮಗಡ ದ್ವೀಪ ಹತ್ತಿರ, ಆಯ್ಸ್ಟರ್ ರಾಕ್ ದೀಪಸ್ತಂಭ ಇರುವ ದೇವಗಡವೂ ಹತ್ತಿರ. ಸುಲಭ ನಿಜ, ಆದರೆ ಅಪ್ಪಯ್ಯ ಹತ್ತು ವರ್ಷ ಹೇಳಿದ್ದು ನೇತ್ರಾಣಿಯ ಹೆಸರು. ಹಳೆಯ ಇಂಗ್ಲಿಷ್ ನಕಾಶೆಗಳಲ್ಲಿ ಅದು ಪಿಜನ್ ಐಲ್ಯಾಂಡ್, ಅಂದರೆ ಪಾರಿವಾಳದ ದ್ವೀಪ. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವುದೂ ಅಲ್ಲೇ. ಹಾಗಾಗಿ ಅಲ್ಲಿಗೆ ದೋಣಿ ಹೊರಡುವ ಮುರುಡೇಶ್ವರವೇ ಎಂದು ತೀರ್ಮಾನವಾಯಿತು.

ದಡದಿಂದ ನೇತ್ರಾಣಿಗೆ ಸುಮಾರು ಹತ್ತು ನಾಟಿಕಲ್ ಮೈಲು. ಕಿಲೋಮೀಟರ್ ಲೆಕ್ಕದಲ್ಲಿ ಹತ್ತೊಂಬತ್ತರ ಹತ್ತಿರ. ಕಾರಿನಲ್ಲಾದರೆ ಅರ್ಧ ಗಂಟೆಯ ದಾರಿ. ಕಡಲಲ್ಲಿ ಹಾಗಲ್ಲ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ರಜೆ ಅಂದರೆ ಎರಡನೇ ಮತ್ತು ನಾಲ್ಕನೇ ಶನಿವಾರ. ತಿಂಗಳು ಫೆಬ್ರುವರಿ ಎಂದು ಅಪ್ಪಯ್ಯನೇ ಹೇಳಿದರು, ಆಗ ಗೂಡಿನಲ್ಲಿ ಮರಿ ಇರುತ್ತದೆ. ಮಳೆಗಾಲವಂತೂ ಆಗದ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುವಾಗ ನಮ್ಮನ್ನು ಯಾರು ಕರೆದೊಯ್ಯುತ್ತಾರೆ? ಉಳಿದದ್ದು ದಿನ ಗೊತ್ತುಮಾಡುವುದು. ಅದಕ್ಕೆ ದೋಣಿಯವರು ನೋಡಲು ಹೇಳಿದ್ದು ಗೋಡೆಯ ಪಂಚಾಂಗವನ್ನು. "ಅಮಾಸೆ, ಹುಣ್ಣಿಮೆ ಬೇಡ ಅಕ್ಕಾ. ಅಷ್ಟಮಿ ಆಸುಪಾಸು ಬನ್ನಿ. ಉಬ್ಬರ ಇಳಿತ ಕಮ್ಮಿ, ಸೆಳೆತವೂ ಕಮ್ಮಿ" ಅಂದರು. ಪಂಚಾಂಗ ಬಿಡಿಸಿದರೆ ಎರಡನೇ ಶನಿವಾರದ ಆಸುಪಾಸಿಗೇ ಅಷ್ಟಮಿ ಇತ್ತು. ಖುಷಿಯಿಂದ ಗುರುತು ಹಾಕಿದೆ.

ಈ ದೋಣಿಯವರು ಸಿಕ್ಕಿದ್ದು ಎರಡನೇ ಪ್ರಯತ್ನದಲ್ಲಿ. ಮೊದಲು ಮಾತಾಡಿದವರು ಮುಂಗಡ ತೆಗೆದುಕೊಂಡಿದ್ದರು. ದೋಣಿ ನೋಡಿ ಬರೋಣ ಎಂದು ತಮ್ಮ ಒಂದು ಭಾನುವಾರ ಹೋದ. ಹತ್ತು ಜನರನ್ನು ಕೂರಿಸುವ ದೋಣಿಯಲ್ಲಿ ಏಳೇ ಲೈಫ್ ಜಾಕೆಟ್. ಅದರಲ್ಲೂ ಎರಡರ ಕೊಂಡಿ ಮುರಿದಿತ್ತು. ಕೇಳಿದರೆ "ಏನೂ ಆಗೋದಿಲ್ಲ ಮಾರಾಯ್ರೆ, ದಿನಾ ಹೋಗ್ತೇವೆ" ಎಂಬ ಉತ್ತರ. ಮುಂಗಡ ವಾಪಸ್ ಬರಲಿಲ್ಲ. ಹೋಗಲಿ ಬಿಡು ಅಂದೆ. ಎಪ್ಪತ್ತೆರಡರ ಅಪ್ಪನನ್ನು ಕೂರಿಸುವ ದೋಣಿಯ ವಿಷಯದಲ್ಲಿ ಚೌಕಾಸಿ ಮಾಡಲು ನನಗೆ ಮನಸ್ಸಿಲ್ಲ. ಎರಡನೆಯವರು ಫೋನಿನಲ್ಲಿ ಮೊದಲು ಕೇಳಿದ್ದೇ "ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು" ಎಂದು. ಹತ್ತಲು ಏಣಿ ಇದೆಯಾ ಎಂದೆ. ಇದೆ, ಆದರೆ ಮೊಣಕಾಲು ನೀರಿನಲ್ಲಿ ನಡೆದು ಬರಬೇಕು ಅಂದರು. ಶೌಚಾಲಯ ಇಲ್ಲ ಎಂದು ಅವರೇ ಮೊದಲು ಹೇಳಿದರು. ಅಲ್ಲಿಗೆ ನಂಬಿಕೆ ಬಂತು. ಅವರು ಹಿಂದೆ ದೊಡ್ಡ ಬೋಟಿನಲ್ಲಿ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಆಗಿದ್ದವರು. ನಾವೂ ಹಾಗೇ ಕರೆದೆವು.

ದ್ವೀಪದ ಮೇಲೆ ಇಳಿಯುವ ಯೋಚನೆ ನಮಗೆ ಇರಲೇ ಇಲ್ಲ. ಸುತ್ತ ಕಡಿದಾದ ಬಂಡೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ, ಸಿಡಿಯದ ಗುಂಡುಗಳ ಭಯ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿರುವುದು ಹಕ್ಕಿಗಳ ಬಾಣಂತಿ ಕೋಣೆ. ಆದರೆ ದೋಣಿಯಲ್ಲೇ ಇದ್ದರೂ ಎಷ್ಟು ಹತ್ತಿರ ಹೋಗಬಹುದು? ಇದನ್ನು ಮನೆಯ ಜಗುಲಿಯಲ್ಲೇ ಗೊತ್ತುಮಾಡಬೇಕು ಎಂದು ಅಪ್ಪಯ್ಯ ಹಟ ಹಿಡಿದರು. ಮುಂಡಿಗೆಕೆರೆಯಲ್ಲಿ ಒಮ್ಮೆ ಯಾರೋ ಫೋಟೋಕ್ಕೆಂದು ನೀರಿಗೆ ಇಳಿದಾಗ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವಂತೆ. ಅವು ತಿರುಗಿ ಬಂದು ಕೂರುವಷ್ಟರಲ್ಲಿ ಕಾಗೆಗಳು ನಾಲ್ಕು ಗೂಡು ಖಾಲಿ ಮಾಡಿದ್ದವು. "ಹಕ್ಕಿ ಕಣ್ಣೆದುರು ಇರುವಾಗ ಮನಸ್ಸು ತಡೆಯೋದಿಲ್ಲ. ಇಲ್ಲೇ ಹೇಳಿಬಿಡೋಣ" ಅಂದರು. ಫೋನಿನಲ್ಲಿ ತಾಂಡೇಲರು ಮಾರಿನ ಲೆಕ್ಕ ಹೇಳಿದರು. ಎರಡೂ ಕೈ ಚಾಚಿದರೆ ಒಂದು ಮಾರು. ನೂರೈವತ್ತು ಮಾರು ಎಂದು ಒಪ್ಪಂದವಾಯಿತು. ಅದಕ್ಕೂ ಮೊದಲೇ ಹಕ್ಕಿ ಎದ್ದು ನಿಂತರೆ ಅಲ್ಲಿಂದಲೇ ಹಿಂದೆ.

ಎರಡನೇ ಶನಿವಾರ ನಾವು ಹೋಗಲಿಲ್ಲ. ಶುಕ್ರವಾರ ರಾತ್ರಿ ಎಂಟಕ್ಕೆ ತಾಂಡೇಲರ ಫೋನ್. "ಗಾಳಿ ಸರಿ ಇಲ್ಲ ಅಕ್ಕಾ. ಬರಬೇಡಿ." ಅವಲಕ್ಕಿ ಕಟ್ಟಿ ಆಗಿತ್ತು, ಮುರುಗಲು ಶರಬತ್ತು ಬಾಟಲಿಗೆ ಹಾಕಿ ಆಗಿತ್ತು. ಶನಿವಾರ ನಮ್ಮ ಅಂಗಳದಲ್ಲಿ ಒಂದು ಎಲೆ ಅಲುಗಲಿಲ್ಲ. ಘಟ್ಟದ ಮೇಲೆ ಕೂತವರಿಗೆ ಕಡಲ ಗಾಳಿ ಹೇಗೆ ತಿಳಿಯಬೇಕು? ಅಪ್ಪಯ್ಯ ಒಂದು ಮಾತೂ ಆಡದೆ ಬೈನಾಕ್ಯುಲರ್‌ನ ಗಾಜು ಒರೆಸುತ್ತಾ ಕೂತರು. ಎರಡು ವಾರಕ್ಕೆ ಮತ್ತೆ ಅಷ್ಟಮಿ, ಮತ್ತೆ ಬ್ಯಾಂಕಿನ ಶನಿವಾರ. ಅಷ್ಟು ದಿನ ಕಾದೆವು.

ನಾಲ್ಕನೇ ಶನಿವಾರದ ಹಿಂದಿನ ದಿನವೇ ದೇವಿಮನೆ ಘಟ್ಟ ಇಳಿದು, ಕುಮಟಾ, ಹೊನ್ನಾವರ ದಾಟಿ ಮುರುಡೇಶ್ವರದಲ್ಲಿ ಉಳಿದೆವು. ಅಪ್ಪಯ್ಯ, ತಮ್ಮ, ನಾನು, ನನ್ನ ಇಬ್ಬರು ಸಹೋದ್ಯೋಗಿಗಳು. ಬೆಳಿಗ್ಗೆ ಆರಕ್ಕೆ ವಾಂತಿ ಮಾತ್ರೆ ನುಂಗಿ, ಬಾಳೆಲೆಯಲ್ಲಿ ಸುತ್ತಿದ್ದ ತೆಳ್ಳೇವು ಎರಡೆರಡು ತಿಂದೆವು. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ ಎಂದು ತಾಂಡೇಲರು ಹೇಳಿದ್ದರು. ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದರು. ನಾನು ಒಂದು ಕೈ, ತಾಂಡೇಲರ ಮಗ ಒಂದು ಕೈ ಹಿಡಿದೆವು. ಏಣಿಯ ಮೂರನೇ ಮೆಟ್ಟಿಲಲ್ಲಿ ಮೊಣಕಾಲು ತಡೆಯಿತು. ಹುಡುಗ ತನ್ನ ಹೆಗಲು ಕೊಟ್ಟ. ಆ ಹೆಗಲಿನ ಮೇಲೆ ಕೈ ಊರಿ ಅವರು ಮೇಲೆ ಹೋದರು.

ದಡದ ಹತ್ತಿರವೇ ನೀರಿನ ಮೇಲೆ ಕಡಲಕ್ಕಿಗಳು ಕೂತಿದ್ದವು. ಕಂದು ತಲೆಯ ಕಡಲಕ್ಕಿ ಎಂದು ಹೆಸರು, ಆದರೆ ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಮಸಿ ಮೆತ್ತಿದ ಹಾಗೆ ಒಂದೇ ಚುಕ್ಕೆ. ಒಂದೆರಡಕ್ಕೆ ಆಗಲೇ ಕಂದು ಬಣ್ಣ ಮೂಡತೊಡಗಿತ್ತು. ಲಡಾಖ್, ಟಿಬೆಟ್‌ನ ಎತ್ತರದ ಸರೋವರಗಳಿಗೆ ಮರಿ ಮಾಡಲು ಹೊರಡುವ ಸಿದ್ಧತೆ ಅದು.

ಬೆಳಗಿನ ಗಾಳಿ ಮೂಡಲಿಂದ, ಹಗುರ. ಮಧ್ಯಾಹ್ನದ ಮೇಲೆ ಪಡುವಣದಿಂದ ಎದ್ದರೆ ತೆರೆ ದೊಡ್ಡದಾಗುತ್ತದೆ. ಹತ್ತು ಗಂಟೆಗೆ ತಿರುಗುವುದು ಎಂದು ಮೊದಲೇ ನಿಕ್ಕಿ ಆಗಿತ್ತು. ಹಿಂತಿರುಗಿ ನೋಡಿದರೆ 123 ಅಡಿಯ ಶಿವ ಬೆರಳಿನಷ್ಟಾಗಿ, ಆಮೇಲೆ ಮಂಜಿನಲ್ಲಿ ಕರಗಿಹೋದ. ಒಂದೂವರೆ ಗಂಟೆಯ ಮೇಲೆ ಎದುರಿಗೆ ಹಸಿರು ಟೋಪಿ ಹಾಕಿದ ಕಪ್ಪು ಬಂಡೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ ಅಂತಾರೆ. ನೀರಿನಿಂದ ನೋಡುವವರಿಗೆ ಅದು ಗೋಡೆ, ಅಷ್ಟೇ. ಗೋಡೆಯ ತುಂಬಾ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆಯ ಬಿಳಿ ಪಟ್ಟೆಗಳು. ಬುಡದ ಗುಹೆಗಳ ಬಾಯಲ್ಲಿ ಬೆರಳುದ್ದದ ಕಪ್ಪು ಹಕ್ಕಿಗಳು ಬಾಣದಂತೆ ಒಳಗೆ, ಹೊರಗೆ. ಬಾನಾಡಿ, ಅಂದರೆ ಸ್ವಿಫ್ಟ್ ಹಕ್ಕಿಯ ಜಾತಿಯವು. ಜೊಲ್ಲಿನಿಂದಲೇ ಗೂಡು ಅಂಟಿಸುತ್ತವೆ. ಗುಹೆಯ ಕತ್ತಲಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡಿ, ಅದರ ಮಾರ್ದನಿ ಕೇಳಿ ದಾರಿ ಹಿಡಿಯುತ್ತವೆ.

ಗೂಡನ್ನು ಮೊದಲು ಕಂಡವರು ಅಪ್ಪಯ್ಯ. ಬಂಡೆಯ ಅಂಚಿನ ಮರದ ಕವಲಿನಲ್ಲಿ, ಸೌದೆ ಹೊರೆ ಎತ್ತಿಟ್ಟ ಹಾಗೆ. ವರ್ಷ ವರ್ಷವೂ ಅದೇ ಗೂಡಿಗೆ ಹೊಸ ಕಡ್ಡಿ ಸೇರಿಸಿ ಸೇರಿಸಿ ಅಷ್ಟಾಗಿರುತ್ತದೆ. ಮೇಲೆ ಬೂದು ಬೆನ್ನಿನ, ಹಾಲು ಬಿಳಿ ತಲೆಯ ದೊಡ್ಡ ಹಕ್ಕಿ. ಪಕ್ಕದಲ್ಲಿ ಕಂದು ಬಣ್ಣದ ಏನೋ ಅಲುಗಿತು. ಮರಿ.

ತಾಂಡೇಲರು ಇಂಜಿನ್ ಇಳಿಸಿದರು. ಕ್ಯಾಮೆರಾ ತಂದಿದ್ದ ಸಹೋದ್ಯೋಗಿ ನಿಧಾನಕ್ಕೆ ಕೇಳಿದರು, "ಅಣ್ಣ, ಇನ್ನೊಂದು ಚೂರು?" ತಾಂಡೇಲರು ನನ್ನ ಮುಖ ನೋಡಿದರು. ಒಪ್ಪಂದ ಮಾಡಿದವಳು ನಾನು. ನಿಜ ಹೇಳುತ್ತೇನೆ, ಹೂಂ ಅನ್ನುವ ಆಸೆ ಗಂಟಲವರೆಗೆ ಬಂದಿತ್ತು. ಮರಿಯ ಕಣ್ಣು ನೋಡಬೇಕಿತ್ತು ನನಗೆ. ಅಷ್ಟರಲ್ಲಿ ಸೆಳೆತ ಸುಮ್ಮನಿದ್ದ ದೋಣಿಯನ್ನೇ ಮೆಲ್ಲಗೆ ಒಳಕ್ಕೆ ತಳ್ಳಿತ್ತು. ಹಕ್ಕಿ ಎದ್ದು ನಿಂತಿತು. ಕಾಂಕ್, ಕಾಂಕ್ ಎಂದು ಎರಡು ಕೂಗು. "ಹಿಂದೆ" ಎಂದರು ಅಪ್ಪಯ್ಯ, ಮುಂಡಿಗೆಕೆರೆಯಲ್ಲಿ ಮಕ್ಕಳಿಗೆ ಹೇಳುವಷ್ಟೇ ಮೆತ್ತಗೆ. ತಾಂಡೇಲರು ಅದಾಗಲೇ ಹಿಂದೆ ತೆಗೆಯುತ್ತಿದ್ದರು. ತಾಯಿ ಎದ್ದು ಹೋದರೆ ಆ ಬಿಸಿಲಲ್ಲಿ ಮರಿಗೆ ನೆರಳಿಲ್ಲ. ಮೇಲೆ ಎರಡು ಗರುಡಗಳು ಸುತ್ತುತ್ತಿದ್ದವು.

ನಾವು ದೂರ ಸರಿದ ಮೇಲೆ ಹಕ್ಕಿ ಕೂತಿತು. ಆಮೇಲಿನ ನಲವತ್ತು ನಿಮಿಷ ಯಾರೂ ಜೋರಾಗಿ ಮಾತಾಡಲಿಲ್ಲ. ಪಡುವಣದಿಂದ ಎರಡನೇ ಹದ್ದು ಬಂತು. ಎರಡು ಮೀಟರಿನ ರೆಕ್ಕೆ, ಬಡಿಯದೆ, ನೀರಿಗೆ ತಾಗುವ ಹಾಗೆ. ಕಾಲಿನಿಂದ ಉದ್ದಕ್ಕೆ ಏನೋ ಜೋತಾಡುತ್ತಿತ್ತು. ಹಗ್ಗ ಅಂದುಕೊಂಡೆ. ಬೈನಾಕ್ಯುಲರ್ ಕೈಗೆ ಕೊಟ್ಟ ಅಪ್ಪಯ್ಯ "ಬಾಲ ನೋಡು" ಅಂದರು. ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಬಾಲ. ಕಡಲ ಹಾವು. ಗೂಡಿನ ಮೇಲೆ ಇಳಿದಾಗ ಮರಿ ಕತ್ತು ಚಾಚಿತು. ತಾಯಿ ಒಂದು ತುಂಡು ಹರಿದು, ಕೊಕ್ಕಿನ ತುದಿಯಲ್ಲಿ ಹಿಡಿದು, ತಲೆ ಓರೆ ಮಾಡಿ ಮರಿಯ ಬಾಯಿಗೆ ಇಟ್ಟಿತು. ಅಷ್ಟು ದೊಡ್ಡ ಕೊಕ್ಕು, ಅಷ್ಟು ನಾಜೂಕು. ಅಪ್ಪಯ್ಯನ ಕೈ ನಡುಗುತ್ತಿತ್ತು. ಅವರ ಮೊಣಕೈಗೆ ನನ್ನ ಹೆಗಲು ಕೊಟ್ಟು ನಿಂತೆ.

ಹತ್ತಕ್ಕೆ ತಿರುಗಿದೆವು. ದಡ ಸೇರುವಷ್ಟರಲ್ಲಿ ತೆರೆಯ ತುದಿಗಳಲ್ಲಿ ಬಿಳಿ ನೊರೆ ಕಾಣತೊಡಗಿತ್ತು. ಸಹೋದ್ಯೋಗಿಯ ಫೋಟೋದಲ್ಲಿ ಗೂಡು ಕಡಲೆ ಕಾಳಿನಷ್ಟು. ಅದನ್ನೇ ದೊಡ್ಡದು ಮಾಡಿ ಕಳಿಸಿದ್ದರು. ಅಪ್ಪಯ್ಯ ಅದನ್ನು ಪ್ರಿಂಟ್ ಹಾಕಿಸಿ ಜಗುಲಿಯ ಪಂಚಾಂಗದ ಪಕ್ಕ ಅಂಟಿಸಿದ್ದಾರೆ.

ಮಾರ್ಚ್ ಕೊನೆಯಲ್ಲಿ ತಾಂಡೇಲರ ಫೋನ್ ಬಂತು. ಆ ಕಡೆ ಹೋಗಿದ್ದರಂತೆ. "ಭಟ್ರಿಗೆ ಹೇಳಿ ಅಕ್ಕಾ, ಮರಿ ಗೂಡಿನ ಅಂಚಿಗೆ ಬಂದು ರೆಕ್ಕೆ ಬಡೀತಾ ಇತ್ತು." ತೋಟದಲ್ಲಿದ್ದ ಅಪ್ಪಯ್ಯನಿಗೆ ಕೂಗಿ ಹೇಳಿದೆ. ಅವರು ಕೈಯಲ್ಲಿದ್ದ ಅಡಿಕೆ ಹಾಳೆ ಕೆಳಗಿಟ್ಟು ಕೇಳಿದ್ದು ಒಂದೇ.

"ಎಷ್ಟು ದೂರದಿಂದ ನೋಡಿದ್ರಂತೆ?"