ಕಾಲೇಜು ತೋರಿಸುವ ವಿದ್ಯಾರ್ಥಿ ಗೈಡ್‌ಗಳಿಗೆ ಏನು ಕಲಿಸಬೇಕು?

ಸೇರುವ ಮೊದಲು ನೋಡಲು ಬರುವ ವಿದ್ಯಾರ್ಥಿಗಳಿಗೆ, ಪೋಷಕರಿಗೆ ಸಣ್ಣ ವಿಜ್ಞಾನ ಕಾಲೇಜಿನಲ್ಲಿ ತೋರಿಸಲು ಇರುವುದೇ ಲ್ಯಾಬ್‌ಗಳು. ಆದರೂ ಗೈಡ್ ಆಗುವ ವಿದ್ಯಾರ್ಥಿಗೆ ನಾಲ್ಕು ಪುಟದ ಮಾಹಿತಿ ಕೊಟ್ಟು ಬಾಯಿಪಾಠ ಮಾಡಿಸುವುದೇ ತರಬೇತಿ ಎಂದುಕೊಂಡವರು ಬಹಳ. ಆಮೇಲೆ ಆ ವಿದ್ಯಾರ್ಥಿ “ಇದು ಕೆಮಿಸ್ಟ್ರಿ ಲ್ಯಾಬ್, ಅದು ಬಯಾಲಜಿ ಲ್ಯಾಬ್” ಎಂದು ಬಾಗಿಲುಗಳನ್ನು ತೋರಿಸುತ್ತಾ ಹೋಗುತ್ತಾನೆ. ಬಾಗಿಲು ನೋಡಲು ಯಾರೂ ಬಂದಿರುವುದಿಲ್ಲ.

ತರಬೇತಿಯ ಅರ್ಧ ಸಮಯವನ್ನು ಒಂದೇ ಕೆಲಸಕ್ಕೆ ಕೊಡಿ: ಒಂದು ಉಪಕರಣದ ಬಗ್ಗೆ ಒಂದೂವರೆ ನಿಮಿಷ ಮಾತಾಡುವುದು. ಅದರೊಳಗೆ ಏನು ಹಾಕುತ್ತೇವೆ, ಏನು ಸಿಗುತ್ತದೆ, ವಿದ್ಯಾರ್ಥಿ ಅದನ್ನು ಯಾವ ಸೆಮಿಸ್ಟರ್‌ನಲ್ಲಿ ತಾನೇ ಮುಟ್ಟುತ್ತಾನೆ, ಇಷ್ಟು ಸಾಕು. ಡಿಎನ್‌ಎಯ ನಕಲು ಮಾಡುವ ಪಿಸಿಆರ್ ಯಂತ್ರವನ್ನೇ ತೆಗೆದುಕೊಳ್ಳಿ. ಬಯಾಲಜಿ ಹುಡುಗಿ “ಡಿನೇಚರೇಶನ್, ಅನೀಲಿಂಗ್” ಎಂದು ಶುರು ಮಾಡಿದರೆ ಕೇಳುವವರ ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ಬದಲಿಗೆ 0.2 ಮಿಲಿಲೀಟರ್‌ನ ಖಾಲಿ ಟ್ಯೂಬನ್ನು ಅವರ ಕೈಗೆ ಕೊಡಲಿ. “ಇದರಲ್ಲಿ ಡಿಎನ್‌ಎ ತುಣುಕು ಹಾಕುತ್ತೇವೆ. ಪ್ರತಿ ಸುತ್ತಿಗೂ ಅದು ಎರಡು ಪಟ್ಟಾಗುತ್ತದೆ. ಲೆಕ್ಕದ ಪ್ರಕಾರ 30 ಸುತ್ತು ಮುಗಿಯುವಷ್ಟರಲ್ಲಿ ಒಂದು ತುಣುಕು ನೂರು ಕೋಟಿ ದಾಟಿರುತ್ತದೆ” ಎನ್ನಲಿ. ಸುತ್ತಿನ ಹಂತಗಳ ತಾಪಮಾನ, 95 ಡಿಗ್ರಿ, 72 ಡಿಗ್ರಿ ಎಲ್ಲ ಯಾರಾದರೂ ಕೇಳಿದರೆ ಮಾತ್ರ. ಇದನ್ನು ಪರೀಕ್ಷಿಸುವುದೂ ಸುಲಭ: ಫಿಸಿಕ್ಸ್ ವಿದ್ಯಾರ್ಥಿಯನ್ನು ಕೂರಿಸಿ ಕೇಳಿಸಿ, ಕೇಳಿದ್ದನ್ನು ಅವನ ಬಾಯಲ್ಲೇ ಹೇಳಿಸಿ. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ಗೈಡ್‌ನ ಮಾತು ತಿದ್ದಬೇಕು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಬಾಯಿಪಾಠವೇ ಬೇಕು. ಎನ್‌ಎಂಆರ್ (ಬಲವಾದ ಅಯಸ್ಕಾಂತದ ನೆರವಿನಿಂದ ಅಣುಗಳ ರಚನೆ ತಿಳಿಯುವ ಯಂತ್ರ) ಇರುವ ಕಾಲೇಜಿನಲ್ಲಿ ಗೈಡ್‌ಗೆ ಮೊದಲು ಗೊತ್ತಿರಬೇಕಾದದ್ದು, ಅದರ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಯಾವಾಗಲೂ ಆನ್ ಆಗಿಯೇ ಇರುತ್ತದೆ. ಕರೆಂಟ್ ಹೋದರೂ ಇರುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು 5 ಗಾಸ್ ಗೆರೆ (ಅಯಸ್ಕಾಂತದ ಬಲ ಆ ಮಟ್ಟ ಮೀರುವ ಜಾಗದ ಗುರುತು) ದಾಟಬಾರದು. ಕೀ, ಕತ್ತರಿ, ಬ್ಯಾಂಕ್ ಕಾರ್ಡ್ ಒಳಗೆ ಒಯ್ಯಬಾರದು. “ಯಾರಿಗಾದರೂ ಪೇಸ್‌ಮೇಕರ್ ಇದೆಯಾ?” ಎಂದು ಗುಂಪಿನಲ್ಲಿ ಕೇಳಿದರೆ ಎಷ್ಟೋ ಜನ ಸಂಕೋಚದಿಂದ ಸುಮ್ಮನಿರುತ್ತಾರೆ. ಎಲ್ಲರನ್ನೂ ಬಾಗಿಲ ಹೊರಗೇ ನಿಲ್ಲಿಸಿ ತೋರಿಸಿದರೆ ಕೇಳುವ ಪ್ರಮೇಯವೇ ಬರುವುದಿಲ್ಲ.

ದ್ರವ ಸಾರಜನಕದ ಆಟ ಎಲ್ಲ ಗೈಡ್‌ಗಳಿಗೂ ಇಷ್ಟ. ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ಈ ದ್ರವ ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದಕ್ಕೆ ವಾಸನೆಯಿಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದದ್ದು ಗೊತ್ತಾಗುವುದೇ ಇಲ್ಲ. ಹಾಗಾಗಿ ಸಿಬ್ಬಂದಿ ಇಲ್ಲದೆ ಪ್ರದರ್ಶನ ಬೇಡ, ಗಾಳಿಯಾಡದ ಕೋಣೆ ಬೇಡ, ಆ ಪಾತ್ರೆ ಹಿಡಿದು ಜನರ ಜೊತೆ ಲಿಫ್ಟ್ ಹತ್ತುವುದಂತೂ ಬೇಡವೇ ಬೇಡ. ಲೇಸರ್ ಲ್ಯಾಬ್‌ನ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ಬಾಗಿಲು ತಟ್ಟಲೂ ಹೋಗಬಾರದು, ಮುಂದೆ ನಡೆಯಬೇಕು. ಯಾವ ಲ್ಯಾಬ್‌ನಲ್ಲಿ ಪ್ರಯೋಗ ನಡೆದಿದೆ ಎಂದು ಬೆಳಿಗ್ಗೆಯೇ ಲ್ಯಾಬ್ ಅಸಿಸ್ಟೆಂಟ್ ಹತ್ತಿರ ಕೇಳಿಕೊಂಡಿದ್ದರೆ ಅರ್ಧ ಮುಜುಗರ ತಪ್ಪುತ್ತದೆ.

ಎಲ್ಲಿ ನಿಂತು ಮಾತಾಡಬೇಕು ಎನ್ನುವುದನ್ನು ಯಾರೂ ಕಲಿಸುವುದಿಲ್ಲ, ಪ್ರವಾಸ ಹೆಚ್ಚಾಗಿ ಕೆಡುವುದು ಅಲ್ಲೇ. ಫ್ಯೂಮ್ ಹುಡ್ (ರಾಸಾಯನಿಕಗಳ ಹೊಗೆ ಹೊರಗೆಳೆಯುವ ಗೂಡು), ವ್ಯಾಕ್ಯೂಮ್ ಪಂಪ್‌ಗಳ ಸದ್ದಿನಲ್ಲಿ ಹಿಂದಿನವರಿಗೆ ಏನೂ ಕೇಳಿಸದು. ಆದ್ದರಿಂದ ವಿವರಣೆ ಕಾರಿಡಾರ್‌ನಲ್ಲಿ, ನೋಡುವುದು ಒಳಗೆ, ಪ್ರಶ್ನೆಗಳು ಮತ್ತೆ ಹೊರಗೆ. ಗುಂಪಿನಲ್ಲಿ 12 ಜನರಿಗಿಂತ ಹೆಚ್ಚು ಬೇಡ. ಬೆಂಚುಗಳ ನಡುವಿನ ಕಿರಿದಾದ ಜಾಗದಲ್ಲಿ ಅದಕ್ಕಿಂತ ಹೆಚ್ಚು ಜನ ಹಿಡಿಯುವುದಿಲ್ಲ, ಬಾಗಿಲಲ್ಲಿ ಉಳಿದವರು ಮೊಬೈಲ್ ತೆಗೆಯುತ್ತಾರೆ. ಗೈಡ್ ಮೊದಲು ಒಳಗೆ ನುಗ್ಗಬಾರದು. ಬಾಗಿಲು ಹಿಡಿದು ಎಲ್ಲರನ್ನೂ ಒಳಗೆ ಬಿಟ್ಟು ಕೊನೆಗೆ ಬರಬೇಕು, ಕಿಟಕಿಗೆ ಬೆನ್ನು ಹಾಕದೆ ನಿಲ್ಲಬೇಕು. ಹಿಮ್ಮುಖವಾಗಿ ನಡೆಯುತ್ತಾ ಮಾತಾಡುವ ಚಪಲ ಸಮತಟ್ಟಾದ ದಾರಿಗೆ ಮಾತ್ರ ಸೀಮಿತವಾಗಿರಲಿ. ಗಾಲಿಕುರ್ಚಿಯವರು ಬಂದರೆ ಇಡೀ ಗುಂಪು ರ‍್ಯಾಂಪ್ ದಾರಿಯಲ್ಲೇ ಹೋಗಲಿ, ಅವರೊಬ್ಬರನ್ನೇ ಸುತ್ತುದಾರಿಗೆ ಕಳಿಸುವುದು ಸರಿಯಲ್ಲ.

ಒಂದು ಗಂಟೆಯ ಪ್ರವಾಸಕ್ಕೆ ಐದು ನಿಲುಗಡೆ, ಒಂದೊಂದಕ್ಕೆ ಆರೇಳು ನಿಮಿಷ. ಉಳಿದದ್ದು ನಡಿಗೆಗೆ, ಪ್ರಶ್ನೆಗಳಿಗೆ. ಸಮಯ ಮೀರುವುದು ಸಾಮಾನ್ಯವಾಗಿ ಗೈಡ್‌ನ ಸ್ವಂತ ವಿಭಾಗದಲ್ಲೇ. ಅಲ್ಲಿ ಗಡಿಯಾರ ನೋಡುವ ಅಭ್ಯಾಸ ಮಾಡಿಸಿ.

“ಕಾಲೇಜು ತುಂಬಾ ಚಿಕ್ಕದಲ್ವಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. “ನಮ್ಮದು ಒಂದು ಕುಟುಂಬದ ಹಾಗೆ” ಎಂಬ ಉತ್ತರವನ್ನು ದಯವಿಟ್ಟು ನಿಷೇಧಿಸಿ. ಒಂದು ಉಪಕರಣಕ್ಕೆ ಎಷ್ಟು ವಿದ್ಯಾರ್ಥಿಗಳು, ಯಾವ ವರ್ಷದಿಂದ ಪ್ರಾಜೆಕ್ಟ್ ಸಿಗುತ್ತದೆ ಎಂದು ಹೇಳಿದರೆ ಸಾಕು. ಯಾವ ಐಚ್ಛಿಕ ವಿಷಯಗಳು ಇಲ್ಲಿಲ್ಲ ಎಂಬುದನ್ನೂ ಹೇಳಲಿ, ನಂಬಿಕೆ ಹುಟ್ಟುವುದು ಅದರಿಂದಲೇ. ಶುಲ್ಕ, ಸ್ಕಾಲರ್‌ಶಿಪ್, ಕಟ್ ಆಫ್ ಬಗ್ಗೆ ಮಾತ್ರ ಗೈಡ್ ಅಂಕಿ ಹೇಳಬಾರದು. ಹೋದ ವರ್ಷದ ಅಂಕಿ ಪೋಷಕರ ಕಿವಿಗೆ ಈ ವರ್ಷದ ಭರವಸೆಯಾಗಿ ಬೀಳುತ್ತದೆ. “ಗೊತ್ತಿಲ್ಲ, ಕೇಳಿ ತಿಳಿಸ್ತೀವಿ” ಎಂದು ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಅಂದೇ ಕಚೇರಿಯಿಂದ ಉತ್ತರ ಹೋಗುವಂತೆ ನೋಡಿಕೊಳ್ಳಲಿ.

ಕ್ರಮ ಹೀಗಿರಲಿ: ಹಿರಿಯ ಗೈಡ್ ಹಿಂದೆ ಎರಡು ಪ್ರವಾಸ ನೋಡುವುದು, ಮೂರನೆಯದರಲ್ಲಿ ಎರಡು ನಿಲುಗಡೆ ತಾನೇ ನಡೆಸುವುದು, ನಾಲ್ಕನೆಯದು ಪೂರ್ತಿ ತನ್ನದು, ಹಿರಿಯರು ಹಿಂದೆ. ಸೆಮಿಸ್ಟರ್ ರಜೆ ಮುಗಿದ ಮೇಲೆ ಎಲ್ಲರೂ ಒಮ್ಮೆ ದಾರಿ ನಡೆದು ನೋಡಬೇಕು, ಏಕೆಂದರೆ ರಜೆಯಲ್ಲಿ ಉಪಕರಣಗಳು ಜಾಗ ಬದಲಿಸಿರುತ್ತವೆ. ಇಂಟರ್ನಲ್ಸ್ ವಾರಕ್ಕೆ ಬೇರೆ ಬೇರೆ ವಿಭಾಗದ ಇಬ್ಬರನ್ನು ಬದಲಿ ಗೈಡ್‌ಗಳಾಗಿ ಇಟ್ಟುಕೊಳ್ಳಿ, ಒಂದೇ ವಿಭಾಗದವರಾದರೆ ಇಬ್ಬರಿಗೂ ಅಂದೇ ಪರೀಕ್ಷೆ ಇರುತ್ತದೆ.