ಅಪ್ಪ ಅಮ್ಮನ ಜೊತೆ ಯುರೋಪ್ ಟ್ರಿಪ್: ಇನ್ಶೂರೆನ್ಸ್‌ನಲ್ಲಿ ಎಲ್ಲಿ ದುಡ್ಡು ಹಾಕ್ಬೇಕು, ಎಲ್ಲಿ ಬೇಡ

ಈ ಬೇಸಿಗೆ ರಜೇಲಿ ಅಪ್ಪ, ಅಮ್ಮ, ನಾವಿಬ್ರು, ಮಗಳು ಎಲ್ಲ ಸೇರಿ ಬೆಂಗಳೂರಿಂದ ಜ್ಯೂರಿಕ್‌ಗೆ ಹೋಗಿ ಲುಸೆರ್ನ್, ಇಂಟರ್‌ಲಾಕನ್ ನೋಡ್ಕೊಂಡು, ಅಲ್ಲಿಂದ ಪ್ಯಾರಿಸ್, ಕೊನೇಲಿ ಲಂಡನ್‌ನಲ್ಲಿರೋ ಅಕ್ಕನ ಮನೆ, ಹೀಗೆ ಸುತ್ತಿ ಬಂದ್ವಿ. ಜಾಗಗಳ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ಅದಕ್ಕೆ ನಾನು ಇನ್ಶೂರೆನ್ಸ್ ಬಗ್ಗೆನೇ ಬರೀತೀನಿ. ವಯಸ್ಸಾದ ತಂದೆ ತಾಯಿನ ಕರ್ಕೊಂಡು ಹೋಗೋ ಪ್ಲ್ಯಾನ್ ಇರೋರು ದಯವಿಟ್ಟು ಪೂರ್ತಿ ಓದಿ.

ಮೊದ್ಲು ವೀಸಾ ವಿಷ್ಯ. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡ್ಬೋದಾದ ಯುರೋಪ್ ದೇಶಗಳ ಗುಂಪು) ವೀಸಾಗೆ ಇನ್ಶೂರೆನ್ಸ್ ಕಡ್ಡಾಯ. ಕನಿಷ್ಠ 30,000 ಯೂರೋ ಕವರ್ ಇರ್ಬೇಕು, ಷೆಂಗೆನ್‌ನ ಎಲ್ಲಾ ದೇಶದಲ್ಲೂ ನಡೀಬೇಕು, ನೀವು ಅಲ್ಲಿರೋ ಅಷ್ಟೂ ದಿನಕ್ಕೆ ಇರ್ಬೇಕು, ಎಮರ್ಜೆನ್ಸಿ ಟ್ರೀಟ್‌ಮೆಂಟ್, ಆಸ್ಪತ್ರೆ ಖರ್ಚು, ಕಾಯಿಲೆ ಆದ್ರೆ ಅಥವಾ ತೀರ್ಕೊಂಡ್ರೆ ಊರಿಗೆ ವಾಪಸ್ ಕಳಿಸೋ ಖರ್ಚು ಸೇರಿರ್ಬೇಕು. ಅವ್ರು ಕೇಳೋದು ಇಷ್ಟೇ. ಲಗೇಜ್, ಫ್ಲೈಟ್ ಡಿಲೇ, ಊರಲ್ಲಿ ಮನೆ ಕಳ್ಳತನ ಇದ್ಯಾವ್ದೂ ವೀಸಾಗೆ ಬೇಕಿಲ್ಲ. ನಮಗೆ ಟಿಕೆಟ್ ಮಾಡ್ಕೊಟ್ಟ ಏಜೆಂಟು ಐದೂ ಜನಕ್ಕೆ ಅತೀ ದುಬಾರಿ ಪ್ಲ್ಯಾನೇ ತಗೊಳ್ಳಿ, ಇಲ್ಲಾಂದ್ರೆ ವೀಸಾ ಕಷ್ಟ ಅಂತ ಹೇಳಿದ್ರು, ಅದು ಸುಳ್ಳು, ಆ ಮಾತಿಗೆ ಹೆದರಿ ದುಡ್ಡು ಕೊಡ್ಬೇಡಿ.

ಇನ್ನೊಂದು, ಬ್ರಿಟನ್ ಮತ್ತೆ ಐರ್ಲೆಂಡ್ ಷೆಂಗೆನ್‌ಗೆ ಸೇರಿಲ್ಲ. ನಮ್ಮ ತರ ಲಂಡನ್ ಸೇರಿಸ್ಕೊಂಡಿರೋರು ಬರೀ ಷೆಂಗೆನ್ ಪಾಲಿಸಿ ತಗೊಂಡ್ರೆ ಪ್ಯಾರಿಸ್‌ನಿಂದ ಟ್ರೇನ್ ಹತ್ತಿ ಆ ಕಡೆ ಇಳಿದ್ಮೇಲೆ ಯಾವ ಕವರೂ ಇರಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆ ಎನ್‌ಎಚ್‌ಎಸ್ ಇದ್ಯಲ್ಲ ಎಲ್ಲ ಫ್ರೀ ಅಂತ ಅಕ್ಕನೇ ಮೊದ್ಲು ಹೇಳಿದ್ಲು, ಆದ್ರೆ ಟೂರಿಸ್ಟ್ ಆಗಿ ಹೋದೋರು ಅಡ್ಮಿಟ್ ಆದ್ರೆ ಅವ್ರು ತಮ್ಮ ರೇಟಿನ ಒಂದೂವರೆ ಪಟ್ಟು ಬಿಲ್ ಮಾಡ್ತಾರೆ. ಹಾಗಾಗಿ ನಾವು ಅಮೆರಿಕ, ಕೆನಡಾ ಬಿಟ್ಟು ಮಿಕ್ಕ ಎಲ್ಲಾ ದೇಶ ಅಂತ ಇರೋ ಪ್ಲ್ಯಾನ್ ತಗೊಂಡ್ವಿ. ಅಮೆರಿಕ ಸೇರಿದ್ರೆ ಪ್ರೀಮಿಯಂ ಜಾಸ್ತಿ ಆಗತ್ತೆ, ಹೋಗ್ದೇ ಇರೋ ದೇಶಕ್ಕೆ ಯಾಕೆ ಕೊಡ್ಬೇಕು.

ಈಗ ಮುಖ್ಯವಾದ್ದು. ಐದೂ ಜನಕ್ಕೆ ಒಂದೇ ಪ್ಲ್ಯಾನ್ ಅಂತ ಹೋಗ್ಬೇಡಿ. ನಮ್ಮಿಬ್ರಿಗೆ, ಮಗಳಿಗೆ ಸಾದಾ ಪ್ಲ್ಯಾನ್ ಸಾಕಾಯ್ತು, ಅಲ್ಲಿ ಉಳಿದ ದುಡ್ಡನ್ನ ಅಪ್ಪ ಅಮ್ಮನ ಪಾಲಿಸಿಗೆ ಹಾಕಿದ್ವಿ. ಯಾಕಂದ್ರೆ 60 ದಾಟಿದೋರ ಪಾಲಿಸೀಲಿ ಮೇಲ್ಗಡೆ 50,000 ಡಾಲರ್ ಅಂತ ದಪ್ಪಕ್ಷರದಲ್ಲಿ ಬರೆದಿರತ್ತೆ, ಒಳಗಡೆ ಸಬ್‌ಲಿಮಿಟ್ ಅಂತ ಒಂದು ಟೇಬಲ್ ಇರತ್ತೆ, ರೂಮಿಗೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು, ಆಪರೇಷನ್‌ಗೆ ಇಷ್ಟು, ಡಾಕ್ಟರ್ ಫೀಸಿಗೆ ಇಷ್ಟು, ಆಂಬುಲೆನ್ಸಿಗೆ ಇಷ್ಟು ಅಂತ. ಆಸ್ಪತ್ರೆಯವ್ರು ಅದಕ್ಕಿಂತ ಜಾಸ್ತಿ ಬಿಲ್ ಮಾಡಿದ್ರೆ ಮಿಕ್ಕಿದ್ದು ನಿಮ್ಮ ಜೇಬಿಂದ, ಒಟ್ಟು ಕವರ್ ಎಷ್ಟೇ ಇದ್ರೂ ಉಪಯೋಗ ಇಲ್ಲ. ಹೋಲಿಸಿ ನೋಡೋ ವೆಬ್‌ಸೈಟ್‌ಗಳಲ್ಲಿ ಮೊದಲ ಪೇಜಲ್ಲಿ ಇದು ಕಾಣ್ಸಲ್ಲ, ಪಾಲಿಸಿ ವರ್ಡಿಂಗ್ ಅಂತ ಪಿಡಿಎಫ್ ಇರತ್ತೆ ಅದನ್ನ ಇಳಿಸ್ಕೊಂಡು ಹುಡುಕ್ಬೇಕು. ನಾನು ಒಂದಿಡೀ ಭಾನುವಾರ ಕೂತು ಓದ್ದೆ, ಆ ಟೈಮ್ ಖಂಡಿತ ವೇಸ್ಟ್ ಆಗ್ಲಿಲ್ಲ. ಸಬ್‌ಲಿಮಿಟ್ ಇಲ್ದೇ ಇರೋ ಪ್ಲ್ಯಾನ್ ಸಿಗತ್ತೆ, ಸ್ವಲ್ಪ ಜಾಸ್ತಿ ಆಗತ್ತೆ, ನನ್ನ ಪ್ರಕಾರ ಇಡೀ ಟ್ರಿಪ್‌ನಲ್ಲಿ ಯೋಚ್ನೆ ಮಾಡ್ದೇ ಖರ್ಚು ಮಾಡ್ಬೇಕಾಗಿರೋದು ಇದೊಂದಕ್ಕೇ. ಹಾಗೇ ಕವರ್‌ನ 50,000ದಿಂದ 1 ಲಕ್ಷ ಡಾಲರ್‌ಗೆ ಏರಿಸೋದಕ್ಕೆ ನಮಗೆ ಬಂದ ಕೋಟ್‌ಗಳಲ್ಲಿ ವ್ಯತ್ಯಾಸ ಸ್ವಿಟ್ಜರ್‌ಲ್ಯಾಂಡ್‌ನ ಒಂದೊತ್ತಿನ ಊಟಕ್ಕಿಂತ ಕಮ್ಮಿ ಇತ್ತು, ಪ್ರೀಮಿಯಂನ ನಿಜವಾಗ್ಲೂ ಏರ್ಸೋದು ವಯಸ್ಸು ಮತ್ತೆ ದಿನಗಳ ಲೆಕ್ಕ.

ಅಪ್ಪಂಗೆ ಬಿಪಿ, ಶುಗರ್ ಎರಡೂ ಇದೆ. ಇದನ್ನ ಫಾರ್ಮ್‌ನಲ್ಲಿ ಬರೀಲೇಬೇಕು. ಬರೆದ್ರೆ ಪ್ರೀಮಿಯಂ ಜಾಸ್ತಿ ಆಗತ್ತೆ ಬಿಡಿ, ಯಾರಿಗ್ ಗೊತ್ತಾಗತ್ತೆ ಅಂತ ಹೇಳೋರು ಸಿಕ್ತಾರೆ. ಗೊತ್ತಾಗೇ ಆಗತ್ತೆ, ಯಾಕಂದ್ರೆ ಎಮರ್ಜೆನ್ಸೀಲಿ ಡಾಕ್ಟ್ರು ಮೊದ್ಲು ಕೇಳೋದೇ ಯಾವ ಮಾತ್ರೆ ತಗೋತೀರ, ಎಷ್ಟು ವರ್ಷದಿಂದ ಅಂತ, ಅದನ್ನ ಕೇಸ್ ಶೀಟಲ್ಲಿ ಬರೀತಾರೆ, ಆ ಶೀಟೇ ಇನ್ಶೂರೆನ್ಸ್‌ನೋರ ಕೈಗೆ ಹೋಗತ್ತೆ, ಮುಚ್ಚಿಟ್ಟಿದ್ರೆ ಕ್ಲೇಮ್ ರಿಜೆಕ್ಟ್ ಮಾಡೋಕೆ ಅವ್ರಿಗೆ ಅಷ್ಟು ಸಾಕು. ಬರೆದ್ರೂ ಕೂಡ ತುಂಬಾ ಪ್ಲ್ಯಾನ್‌ಗಳಲ್ಲಿ ಮೊದಲೇ ಇರೋ ಕಾಯಿಲೆಗೆ ಜೀವಕ್ಕೆ ಅಪಾಯ ಆದಾಗ ಮಾತ್ರ, ಅದೂ ಒಂದು ಲಿಮಿಟ್‌ವರೆಗೆ ಕೊಡ್ತಾರೆ, ಆ ಲಿಮಿಟ್ ಎಷ್ಟು ಅಂತ ಕೊಳ್ಳೋಕೆ ಮುಂಚೆ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಕೊಳ್ಳಿ. ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಉಳಿಸ್ಬೋದಾದ ಜಾಗ ಅಂದ್ರೆ ಲಗೇಜ್, ಡಿಲೇ ಕವರ್. ಬ್ಯಾಗ್ ಕಳೆದ್ರೆ ಏರ್‌ಲೈನೇ ಕೊಡ್ಬೇಕು ಅಂತ ಮಾಂಟ್ರಿಯಲ್ ಒಪ್ಪಂದ ಇದೆ, ಭಾರತನೂ ಅದ್ರಲ್ಲಿದೆ, 2024ರ ಡಿಸೆಂಬರ್ 28ರಿಂದ ಹಾಗೆ ಕೊಡೋ ಪರಿಹಾರದ ಗರಿಷ್ಠ ಮಿತಿ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ) ಆಗಿದೆ, ಹತ್ತಿರ ಹತ್ತಿರ 2,000 ಡಾಲರ್. ಯುರೋಪಿಯನ್ ಯೂನಿಯನ್ (ಇಯು) ದೇಶಗಳಿಂದ ಹೊರಡೋ ಫ್ಲೈಟ್ ಏರ್‌ಲೈನ್‌ನ ತಪ್ಪಿಂದ ಮೂರು ಗಂಟೆಗಿಂತ ಲೇಟಾಗಿ ತಲುಪಿದ್ರೆ ದೂರ ನೋಡ್ಕೊಂಡು 250ರಿಂದ 600 ಯೂರೋ ಪರಿಹಾರ ಕೇಳೋ ಹಕ್ಕು ಇಯು 261 ನಿಯಮದಲ್ಲೇ ಇದೆ, ಅದು ಸ್ವಿಟ್ಜರ್‌ಲ್ಯಾಂಡ್‌ಗೂ ಅನ್ವಯ. ಹಾಗಿರೋವಾಗ ಇದಕ್ಕೋಸ್ಕರ ದುಬಾರಿ ಪ್ಲ್ಯಾನ್‌ಗೆ ಹೋಗೋದು ಬೇಡ. ಟಿಕೆಟ್ ಬುಕ್ ಮಾಡೋವಾಗ ತಾನೇ ಟಿಕ್ ಆಗಿರೋ ಇನ್ಶೂರೆನ್ಸ್ ಡಬ್ಬಿ ಇದ್ರೆ ಅದನ್ನೂ ತೆಗೀರಿ. ಕ್ರೆಡಿಟ್ ಕಾರ್ಡ್ ಜೊತೆ ಬರೋ ಕವರ್ ನಂಬ್ಕೊಳ್ಳೋ ಮುಂಚೆ ಅದ್ರಲ್ಲಿ ಆಸ್ಪತ್ರೆ ಖರ್ಚು ಇದ್ಯಾ ಅಥವಾ ಬರೀ ಆಕ್ಸಿಡೆಂಟಾ ಅಂತ ನೋಡಿ. ಆದ್ರೆ ಇಂಟರ್‌ಲಾಕನ್‌ನಲ್ಲಿ ಪ್ಯಾರಾಗ್ಲೈಡಿಂಗ್ ಮಾಡೋ ಆಸೆ ಇದ್ರೆ ಸಾದಾ ಪಾಲಿಸಿ ಸಾಮಾನ್ಯವಾಗಿ ನಡೆಯಲ್ಲ, ಸಾಹಸ ಕ್ರೀಡೆ ಆಡ್‌ಆನ್ ತಗೊಳ್ಳಿ. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್‌ಗೆ ಟ್ರೇನಲ್ಲಿ ಹೋಗ್ಬರೋದಕ್ಕೆ ಅದೇನೂ ಬೇಡ, ಬಿಪಿ ಇರೋರು ಡಾಕ್ಟರ್‌ನ ಒಂದ್ಮಾತು ಕೇಳ್ಕೊಂಡು ಹೋದ್ರೆ ಒಳ್ಳೇದು.

ನಮಗೆ ಇನ್ಶೂರೆನ್ಸ್ ಬೇಕಾಗಿ ಬಂದಿದ್ದು ಲುಸೆರ್ನ್‌ನಲ್ಲಿ. ಮಳೆ ಬಂದು ನಿಂತಿತ್ತು, ಕೆರೆ ಪಕ್ಕದ ಮೆಟ್ಟಿಲಲ್ಲಿ ಅಪ್ಪ ಜಾರಿ ಕೈ ಊರಿದ್ರು, ಮಣಿಕಟ್ಟು ಊದ್ಕೊಳ್ತು. ತಕ್ಷಣ ಪಾಲಿಸಿ ಮೇಲಿರೋ ಅಸಿಸ್ಟೆನ್ಸ್ ನಂಬರ್‌ಗೆ ಫೋನ್ ಮಾಡಿದ್ವಿ, ರೆಫರೆನ್ಸ್ ನಂಬರ್ ಕೊಟ್ರು, ಯಾವ ಕ್ಲಿನಿಕ್ ಅಂತಾನೂ ಹೇಳಿದ್ರು. ಅಲ್ಲಿನ ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಇಲ್ದೆ ನೋಡೋ ಪರ್ಮನಾನ್ಸ್ ಅಂತ ಕ್ಲಿನಿಕ್ ಇರತ್ತೆ, ಸಣ್ಣಪುಟ್ಟದಕ್ಕೆ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗ್ಬೇಕಿಲ್ಲ. ಎಕ್ಸ್‌ರೇ, ಬ್ಯಾಂಡೇಜ್ ಸೇರಿ ನಾನೂರು ಫ್ರಾಂಕ್ ಹತ್ರ ಆಯ್ತು, ಮೂಳೆ ಮುರಿದಿರ್ಲಿಲ್ಲ ಪುಣ್ಯಕ್ಕೆ. ಅಡ್ಮಿಟ್ ಆದ್ರೆ ಕ್ಯಾಶ್‌ಲೆಸ್, ಹೀಗೆ ತೋರ್ಸ್ಕೊಂಡು ಬರೋದಕ್ಕೆ ನಾವೇ ಕಟ್ಟಿ ಆಮೇಲೆ ಕ್ಲೇಮ್ ಮಾಡ್ಬೇಕು. ವಾಪಸ್ ಬಂದ್ಮೇಲೆ 100 ಡಾಲರ್ ಡಿಡಕ್ಟಬಲ್ (ನಾವೇ ಹೊರಬೇಕಾದ ಮೊದಲ ಪಾಲು) ಕಳೆದು ಮಿಕ್ಕಿದ್ದು ಬಂತು. ಈ ಡಿಡಕ್ಟಬಲ್ ಪ್ರತೀ ಕ್ಲೇಮ್‌ಗೂ ಕಳೀತಾರೆ, ಹಾಗಾಗಿ ಜ್ವರ ನೆಗಡಿಗೆಲ್ಲ ಪಾಲಿಸಿ ಲೆಕ್ಕಕ್ಕೆ ಬರಲ್ಲ, ಮಾತ್ರೆ ಊರಿಂದ ತಗೊಂಡು ಹೋಗಿ, ಡಾಕ್ಟರ್ ಚೀಟಿ ಜೊತೆಗಿರ್ಲಿ. ಆಂಬುಲೆನ್ಸ್ ಬೇಕಾದ್ರೆ ಸ್ವಿಟ್ಜರ್‌ಲ್ಯಾಂಡ್‌ನಲ್ಲಿ 144, ಬೆಟ್ಟದ ಮೇಲೆ ಹೆಲಿಕಾಪ್ಟರ್ ರಕ್ಷಣೆಗೆ 1414, ಮಿಕ್ಕ ಯುರೋಪಲ್ಲಿ 112.

ಕ್ಲೇಮ್‌ಗೆ ಬಿಲ್, ದುಡ್ಡು ಕಟ್ಟಿದ ರಸೀದಿ, ಡಾಕ್ಟರ್ ರಿಪೋರ್ಟ್, ಬೋರ್ಡಿಂಗ್ ಪಾಸ್ ಕೇಳ್ತಾರೆ. ಬೋರ್ಡಿಂಗ್ ಪಾಸ್ ಮಾತ್ರ ಬಿಸಾಕ್ಬೇಡಿ, ಷೆಂಗೆನ್‌ನಲ್ಲಿ ಈಗ ಇಇಎಸ್ ಅನ್ನೋ ಡಿಜಿಟಲ್ ಎಂಟ್ರಿ-ಎಕ್ಸಿಟ್ ವ್ಯವಸ್ಥೆ ಬಂದು ಪಾಸ್‌ಪೋರ್ಟ್‌ಗೆ ಸೀಲ್ ಹಾಕೋ ಬದ್ಲು ಬೆರಳಚ್ಚು, ಫೋಟೋ ತಗೋತಾರೆ, ಯಾವತ್ತು ಹೋದ್ರಿ ಯಾವತ್ತು ಬಂದ್ರಿ ಅನ್ನೋದಕ್ಕೆ ಕೈಯಲ್ಲಿರೋ ಪುರಾವೆ ಅದೇ. ಬ್ಯಾಗ್ ಬರ್ಲಿಲ್ಲ ಅಂದ್ರೆ ಏರ್‌ಪೋರ್ಟ್ ಬಿಡೋಕೆ ಮುಂಚೆನೇ ಏರ್‌ಲೈನ್ ಕೌಂಟರ್‌ನಲ್ಲಿ ಪಿಐಆರ್ (ಬ್ಯಾಗ್ ಬಂದಿಲ್ಲ ಅನ್ನೋ ದೂರಿನ ವರದಿ) ಬರೆಸ್ಕೊಳ್ಳಿ. ಕ್ಲೇಮ್ ಅನ್ಯಾಯವಾಗಿ ತಿರಸ್ಕರಿಸಿದ್ರೆ ಮೊದ್ಲು ಕಂಪನಿಗೇ ಲಿಖಿತ ದೂರು ಕೊಡಿ, ಆಮೇಲೆ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಇದೆ, ಅಲ್ಲೂ ಆಗ್ಲಿಲ್ಲಾಂದ್ರೆ ಬೆಂಗಳೂರಲ್ಲೇ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇಂಥ ದೂರು ವಿಚಾರಿಸಿ ತೀರ್ಮಾನ ಮಾಡೋ ಅಧಿಕಾರಿ) ಆಫೀಸ್ ಇದೆ, ಅಲ್ಲಿ ದೂರು ಕೊಡೋಕೆ ಫೀಸ್ ಇಲ್ಲ, ಲಾಯರೂ ಬೇಕಿಲ್ಲ.