ಅಪ್ಪನ ಲೈಸೆನ್ಸು, ನನ್ನ ರಿಜಿಸ್ಟ್ರೇಷನ್ನು

12 ಡಿಸೆಂಬರ್ 2024, ಗುರುವಾರ
ವಿಜಯನಗರ, ಬೆಂಗಳೂರು

ಐಸಿಯುನಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ. ಎದ್ದು ಹಾಲ್‌ಗೆ ಬಂದರೆ ಅಪ್ಪ ಹಳೇ ಪೇಪರ್ ಹಾಸಿಕೊಂಡು ಅವರೆಕಾಳು ಹಿದುಕುತ್ತಾ ಕೂತಿದ್ದರು. ನೆಲಮಂಗಲದಿಂದ ಬರುವಾಗ ಒಂದು ಚೀಲ ಕಾಯಿ ತಂದಿದ್ದಾರೆ. ಮನೆ ತುಂಬ ಸೊಗಡು. ನೆನೆಸಿದ ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಟಪ್ಪನೆ ಪಾತ್ರೆಗೆ ಬೀಳುತ್ತಿತ್ತು. ನಾನೂ ಪಕ್ಕ ಕೂತೆ.

ಇವರಿಗೆ, ಅಂದರೆ ನನ್ನ ಗಂಡನಿಗೆ, ನಾಗಪುರಕ್ಕೆ ಟ್ರಾನ್ಸ್‌ಫರ್ ಆರ್ಡರ್ ಬಂದು ಹನ್ನೊಂದು ದಿನ ಆಯ್ತು. ಏಪ್ರಿಲ್ ಒಳಗೆ ಮನೆ ಸಾಗಿಸಬೇಕು. ಅಪ್ಪನಿಗೆ ನಾಗಪುರ ದೂರ ಅನ್ನಿಸುವುದೇ ಇಲ್ಲ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಆಗಿನ ಏಳನೇ ನಂಬರ್ ಹೈವೇ ಹಿಡಿದು, ಹೈದರಾಬಾದ್ ದಾಟಿ ಅಲ್ಲಿಗೆ ಹೋಗಿ ಕಿತ್ತಳೆ ತುಂಬಿಕೊಂಡು ಬರುತ್ತಿದ್ದವರು.

"ಅಲ್ಲೂ ದೊಡ್ಡ ದೊಡ್ಡ ಆಸ್ಪತ್ರೆ ಇದಾವಲ್ಲ. ಮತ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ?" ಅಂದರು.

"ಕೆಲಸ ಸಿಗುತ್ತೆ ಅಪ್ಪ. ಆದ್ರೆ ನನ್ನ ನರ್ಸ್ ರಿಜಿಸ್ಟ್ರೇಷನ್ ಕರ್ನಾಟಕದ್ದು. ಮಹಾರಾಷ್ಟ್ರದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸ್ಬೇಕು. ಅದಕ್ಕೆ ಮೊದ್ಲು ಇಲ್ಲಿಂದ ಎನ್‌ಓಸಿ, ಅಂದ್ರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ, ತಗೋಬೇಕು. ಇವಳು ನಮ್ಮಲ್ಲಿ ರಿಜಿಸ್ಟರ್ ಆಗಿರೋದು ನಿಜ ಅಂತ ಇಲ್ಲಿಯವರು ಅಲ್ಲಿಯವರಿಗೆ ತಿಳಿಸ್ಬೇಕು."

ಅಪ್ಪನ ಕೈ ನಿಂತಿತು. "ಅಲ್ಲಿ ಓದೋದು ಬೇರೆ, ಇಲ್ಲಿ ಓದೋದು ಬೇರೆನಾ?"

ಇಲ್ಲ ಅಂದೆ. ಸಿಲಬಸ್ ಇಡೀ ದೇಶಕ್ಕೆ ದೆಹಲಿಯ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನದ್ದೇ. ಆದರೆ ಹೆಸರು ಬರೆದುಕೊಳ್ಳುವ ಪುಸ್ತಕ ರಾಜ್ಯಕ್ಕೊಂದು.

ಅಪ್ಪ ಕೈ ಒರೆಸಿಕೊಂಡು ಎದ್ದು, ಬ್ಯಾಗಿನಿಂದ ಹಳೇ ಡ್ರೈವಿಂಗ್ ಲೈಸೆನ್ಸ್ ತಂದರು. ಆಗಿನ ಕಾಲದ ಪುಟ್ಟ ಪುಸ್ತಕ. ಮಡಿಕೆ ಬಿದ್ದ ಕಡೆ ಹರಿದು, ಅಂಟಿಸಿದ ಟೇಪ್ ಕೂಡ ಹಳದಿ ಆಗಿದೆ. ಫೋಟೋದ ಅರ್ಧ ಮುಖದ ಮೇಲೆ ಸೀಲು. "ತುಮಕೂರಲ್ಲಿ ಮಾಡಿಸಿದ್ದು. ದೆಹಲಿ ತನಕ ಇದೊಂದೇ. ಲಾರಿಗೆ ಪರ್ಮಿಟ್ ಕೇಳ್ತಿದ್ರು, ಟ್ಯಾಕ್ಸ್ ಕೇಳ್ತಿದ್ರು. ಬೇರೆ ರಾಜ್ಯದವನಿಗೆ ಮಾರಿದ್ರೆ ಎನ್‌ಓಸಿ ತೆಗೀಬೇಕಿತ್ತು. ಡ್ರೈವರ್‌ಗೆ ಎನ್‌ಓಸಿ ಅಂತ ನಾನು ಕೇಳೇ ಇಲ್ಲ ಪುಟ್ಟಿ."

ಆಮೇಲೆ ಇಬ್ಬರೂ ಸುಮ್ನೆ ಬೇಳೆ ಹಿದುಕಿದೆವು.

ಆ ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಕೆಳಗೆ ನಿಂತಿರುವ ಇವರ ಕಾರಿಗೆ ಬಿಎಚ್ ನಂಬರ್ ಇದೆ. ಬ್ಯಾಂಕಿನವರಂಥ ಟ್ರಾನ್ಸ್‌ಫರ್ ಆಗುವ ಜನರಿಗೆ ಅಂತ 2021ರಲ್ಲಿ ಬಂದ ಭಾರತ್ ಸೀರೀಸ್. ರಾಜ್ಯ ಬದಲಾದರೂ ಹೊಸ ರಿಜಿಸ್ಟ್ರೇಷನ್ ಬೇಡ. ಅಂದರೆ ಈಗ ನಮ್ಮನೆಯಲ್ಲಿ ಗಾಡಿಗೂ ಎನ್‌ಓಸಿ ಬೇಕಿಲ್ಲ. ನನಗೆ ಬೇಕು.

ಪರಿಶೀಲನೆ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಸುಳ್ಳು ಸರ್ಟಿಫಿಕೇಟ್ ಹಿಡಿದುಕೊಂಡು ಬಂದವರು ಐಸಿಯು ಬಾಗಿಲು ದಾಟಬಾರದು. ಆದರೆ ನಮ್ಮ ನರ್ಸ್‌ಗಳಿಗೆಲ್ಲ ರಾಷ್ಟ್ರೀಯ ಐಡಿ ನಂಬರ್ ಅಂತ ಮಾಡಿದ್ದಾರಲ್ಲ, ಆ ನಂಬರ್ ಒತ್ತಿದರೆ ಎರಡೂ ಕಡೆಯವರಿಗೆ ನನ್ನ ವಿವರ ಕಾಣಬೇಕು, ಅಲ್ವಾ? 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಅಂತ 2023ರಲ್ಲಿ ಹೊಸ ಕಾಯ್ದೆ ಪಾಸಾಯ್ತು. ದೇಶಕ್ಕೆಲ್ಲ ಒಂದು ರಿಜಿಸ್ಟರ್ ಇರಬೇಕು ಅಂತ ಅದರಲ್ಲೇ ಇದೆ. ಅದನ್ನು ಓದಿದ ದಿನ ನಿಜವಾಗಲೂ ಖುಷಿಪಟ್ಟಿದ್ದೆ.

ನಮ್ಮ ಐಸಿಯು ಚೇಚಿ, ಮಲಯಾಳಿ ಅಕ್ಕ, ಕೊಟ್ಟಾಯಂನಿಂದ ಇಲ್ಲಿಗೆ ಬಂದಾಗ ಪೇಪರ್ ಬರುವ ತನಕ ಪಿಜಿ ರೂಮಲ್ಲೇ ಕೂತಿದ್ದರಂತೆ. ನಿನ್ನೆ ಟೀ ಕುಡಿಯುವಾಗ ಹೇಳಿದರು, "ದುಡ್ಡಿಗಿಂತ ಜಾಸ್ತಿ ಭಯ ಕೈ ಅಭ್ಯಾಸ ತಪ್ಪುತ್ತೆ ಅಂತ."

ನನ್ನ ಭಯ ಇನ್ನೂ ಒಂದಿದೆ. ನಾನು ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್. ಹಾಗಂದರೆ ಏನು ಅಂತ ನಮ್ಮ ಆಸ್ಪತ್ರೆಯಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಬಿಎಸ್ಸಿ ಆಗಿ, ಐಸಿಯು ಅನುಭವ ಆದ ಮೇಲೆ ಎರಡು ವರ್ಷದ ಎಂಎಸ್ಸಿ. ಕ್ಲಾಸಿಗಿಂತ ಬೆಡ್ ಪಕ್ಕ ನಿಂತು ಕಲಿತದ್ದೇ ಜಾಸ್ತಿ. ನಿನ್ನೆ ರಾತ್ರಿ ಮೂರಕ್ಕೆ ಆರನೇ ಬೆಡ್‌ನ ಅಜ್ಜನ ಬಿಪಿ ಇಳಿಯತೊಡಗಿತು. ಬಿಪಿ ಹಿಡಿದಿಡುವ ನಾರ್‌ಅಡ್ರಿನಾಲಿನ್ ಸಿರಿಂಜ್ ಖಾಲಿಯಾಗುತ್ತಾ ಬಂದಿತ್ತು. ಖಾಲಿ ಆದ ಮೇಲೆ ಇನ್ನೊಂದು ಲೋಡ್ ಮಾಡುತ್ತೇನೆ ಅಂದರೆ ಆಗಲ್ಲ, ಅಷ್ಟರಲ್ಲಿ ಬಿಪಿ ಬಿದ್ದುಹೋಗುತ್ತೆ. ನಾನು ಮೊದಲೇ ತುಂಬಿಟ್ಟಿದ್ದೆ. ಡಾಕ್ಟರ್‌ಗೆ ಫೋನ್ ಮಾಡಿ, ಏನು ನಡೀತಿದೆ, ನನಗೆ ಏನು ಅನ್ನಿಸ್ತಿದೆ ಅಂತ ಹೇಳಿದೆ. ಡಾಕ್ಟರ್ ಒಂದೇ ಒಂದು ಪ್ರಶ್ನೆ ಕೇಳಿ, ಸರಿ, ಹಾಗೇ ಮಾಡಿ ಸಿಸ್ಟರ್, ಬರ್ತಿದೀನಿ ಅಂದರು. ಆ ಒಂದು ಪ್ರಶ್ನೆಗೆ ಇಳಿಯುವುದಕ್ಕೆ ನಮಗೆ ನಾಲ್ಕು ವರ್ಷ ಹಿಡಿದಿದೆ. ನಾಗಪುರದಲ್ಲಿ ರಾತ್ರಿ ಮೂರಕ್ಕೆ ನಾನು ಫೋನ್ ಮಾಡಿದರೆ ನಾನು ಯಾರು ಅವರಿಗೆ?

ಬೆಳಿಗ್ಗೆ ಅಜ್ಜನ ಬಿಪಿ ಪರವಾಗಿಲ್ಲ ಅನ್ನುವಷ್ಟಿತ್ತು. ಮಗ ಹೊರಗೆ ಬೆಂಚಿನ ಮೇಲೆ ಹಾಗೇ ನಿದ್ದೆ ಹೋಗಿದ್ದ.

ಸಂಜೆ ಹಿದುಕಿದ ಬೇಳೆ ಸಾರು, ಮುದ್ದೆ. ಅಪ್ಪ ಎರಡನೇ ಸಲ ಸಾರು ಹಾಕಿಸಿಕೊಂಡು, "ನಾಳೆ ಕೌನ್ಸಿಲ್ ಆಫೀಸಿಗೆ ನಾನೂ ಬರ್ತೀನಿ" ಅಂದರು. ಅಲ್ಲಿ ಬಂದು ಏನು ಮಾಡ್ತೀರ ಅಂದೆ. "ಕ್ಯೂನಲ್ಲಿ ನಿಂತಿರ್ತೀನಿ. ನೀನು ಕೂತಿರು, ನೈಟ್ ಮಾಡಿ ದಣಿದಿದೀಯ."

ಈಗ ಫೈಲ್ ಜೋಡಿಸುತ್ತಾ ಕೂತಿದ್ದೇನೆ. ಆರ್‌ಎನ್ ಆರ್‌ಎಂ (ನರ್ಸ್, ಮಿಡ್‌ವೈಫ್ ರಿಜಿಸ್ಟ್ರೇಷನ್) ಸರ್ಟಿಫಿಕೇಟ್, ಎಂಎಸ್ಸಿಯದ್ದು, ಮಾರ್ಕ್ಸ್ ಕಾರ್ಡುಗಳು, ಆಧಾರ್. ಸರ್ಟಿಫಿಕೇಟಿನಲ್ಲಿ ಎರಡು ಜಡೆ ಹಾಕಿಕೊಂಡ ಫೋಟೋ. ಕೆಳಗೆ ಹೆಸರು, ಹೆಸರಿನ ಜೊತೆ ಅಪ್ಪನ ಇನಿಷಿಯಲ್. ಆಧಾರ್‌ನಲ್ಲಿ ನನ್ನ ಹೆಸರಿನ ಜೊತೆ ಗಂಡನ ಹೆಸರು. ಇಷ್ಟು ದಿನ ಇದು ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಅಫಿಡವಿಟ್ ಬೇಕಾಗುತ್ತೋ ಏನೋ. ಅಪ್ಪ ಆಗಲೇ ಮಲಗಿದ್ದಾರೆ, ನಾಳೆ ಮೊದಲು ನೋಟರಿ ಹತ್ರ ಹೋಗಬೇಕು.